ಹಳೇ ದೋಣಿ, ಪೂರ್ತಿ ಸಂಸಾರ

1
ಸೆಕೆಂಡ್ ಹ್ಯಾಂಡ್ ಬೈಕ್ ತಗೊಳ್ಳೋಕೆ ಹೋದಾಗ ನೀವು ಏನು ಮಾಡ್ತೀರಿ? ಗೊತ್ತಿರೋ ಮೆಕ್ಯಾನಿಕ್ ಒಬ್ಬನನ್ನ ಜೊತೆಗೆ ಕರ್ಕೊಂಡು ಹೋಗ್ತೀರಿ. ಅವನು ಕಿಕ್ ಹೊಡೆದು, ಸೈಲೆನ್ಸರ್ ಹತ್ರ ಕೈ ಇಟ್ಟು, ಚೇನ್ ಎಳೆದು ನೋಡಿ, ಮಾರೋನ ಎದುರಿಗೇ ಮುಖ ಹುಳ್ಳಗೆ ಮಾಡ್ತಾನೆ. ಆಮೇಲೆ ಚೌಕಾಶಿ ಶುರು. ತಪ್ಪಾಗಿ ಆರಿಸಿದರೆ ಏನಾಗುತ್ತೆ? ಎಲ್ಲೋ ರಸ್ತೆ ಬದಿಯಲ್ಲಿ ಗಾಡಿ ನಿಲ್ಲುತ್ತೆ, ನಾವು ತಳ್ಕೊಂಡು ಬರ್ತೀವಿ.

ಈಗ ಬೈಕಿನ ಜಾಗದಲ್ಲಿ ಒಂದು ಹಾಯಿದೋಣಿ ಇಡಿ. ರಸ್ತೆ ಇಲ್ಲ, ಎಲ್ಲ ಕಡೆ ಸಮುದ್ರ. ಹಿಂದಿನ ಸೀಟಿನಲ್ಲಿ ಫ್ರೆಂಡ್ ಅಲ್ಲ, ಹೆಂಡತಿ, ಮಕ್ಕಳು, ಅಡುಗೆ ಪಾತ್ರೆ, ಹಾಸಿಗೆ. ಜೇಬಿನಲ್ಲಿ ಇರೋದು ಹೊಸ ದೋಣಿಯ ಕಾಲು ಭಾಗಕ್ಕೂ ಸಾಲದ ದುಡ್ಡು. ಕೊಳ್ಳಬೇಕಾದ್ದು ಯಾರೋ ಹತ್ತಿಪ್ಪತ್ತು ವರ್ಷ, ಕೆಲವೊಮ್ಮೆ ಐವತ್ತು ವರ್ಷ ಬಳಸಿದ ದೋಣಿ. ಯಾವುದನ್ನ ಆರಿಸ್ತೀರಿ?

ಯುರೋಪ್ ಮತ್ತು ಅಮೆರಿಕದಲ್ಲಿ ನೂರು ವರ್ಷಕ್ಕೂ ಮೇಲಿಂದ ಸಾಮಾನ್ಯ ಜನ ಈ ಪ್ರಶ್ನೆಯ ಜೊತೆ ಗುದ್ದಾಡ್ತಾ ಬಂದಿದ್ದಾರೆ. ಈ ಸಲದ ಸರಣಿ ಅದರ ಕಥೆ. ರಾಜರಿಲ್ಲ, ಯುದ್ಧ ಇಲ್ಲ, ಆದರೂ ಇದು ಇತಿಹಾಸವೇ. ಕಡಿಮೆ ದುಡ್ಡಿರೋರು ದೊಡ್ಡ ಸಮುದ್ರಕ್ಕೆ ಹೇಗೆ ಇಳಿದರು ಅನ್ನೋ ಇತಿಹಾಸ. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ಓದಿ.

2
19ನೇ ಶತಮಾನದಲ್ಲಿ ಮೋಜಿಗಾಗಿ ಹಾಯಿದೋಣಿ ಇಟ್ಕೊಳ್ಳೋದು ಅಂದರೆ ಶ್ರೀಮಂತರ ಕೆಲಸ. ಇಂಗ್ಲೆಂಡಿನಲ್ಲಿ ಲಾರ್ಡ್‌ಗಳು, ಅಮೆರಿಕದಲ್ಲಿ ರೈಲ್ವೆ ಮತ್ತು ಬ್ಯಾಂಕಿನ ಧಣಿಗಳು. ದೋಣಿಗೊಬ್ಬ ಕ್ಯಾಪ್ಟನ್, ನಾವಿಕರು, ಅಡುಗೆಯವನು, ಎಲ್ಲರಿಗೂ ಸಂಬಳ. ಮಾಲೀಕ ಡೆಕ್ ಮೇಲೆ ಕುರ್ಚಿ ಹಾಕ್ಕೊಂಡು ಕೂರ್ತಾನೆ ಅಷ್ಟೇ.

ಈ ಚಿತ್ರವನ್ನ ಕೆಡಿಸಿದವನು ಕೆಲಸ ಕಳ್ಕೊಂಡ ಒಬ್ಬ ಹಡಗಿನ ಕ್ಯಾಪ್ಟನ್. ಹೆಸರು ಜೋಷುವಾ ಸ್ಲೋಕಮ್. 1844ರಲ್ಲಿ ಕೆನಡಾದ ನೋವಾ ಸ್ಕೋಶಿಯಾದಲ್ಲಿ ಹುಟ್ಟಿದ. ದೊಡ್ಡ ದೊಡ್ಡ ಹಾಯಿ ಹಡಗು ನಡೆಸಿದವನು. ಆದರೆ 1890ರ ಹೊತ್ತಿಗೆ ಸಮುದ್ರ ತುಂಬಾ ಉಗಿಹಡಗು. ಹಾಯಿ ಹಡಗಿನ ಕ್ಯಾಪ್ಟನ್‌ಗಳನ್ನ ಕೇಳೋರೇ ಇಲ್ಲ.

1892ರ ಚಳಿಗಾಲ, ಬೋಸ್ಟನ್. ಪರಿಚಯದ ಮುದಿ ತಿಮಿಂಗಿಲ ಬೇಟೆಗಾರ ಎಬೆನ್ ಪಿಯರ್ಸ್ ಸಿಕ್ಕಿದ. ಫೇರ್‌ಹೇವನ್ ಊರಿಗೆ ಬಾ, ನಿನಗೊಂದು ಹಡಗು ಕೊಡ್ತೀನಿ, ಸ್ವಲ್ಪ ರಿಪೇರಿ ಇದೆ ಅಂದ. ಸ್ಲೋಕಮ್ ಹೋಗಿ ನೋಡಿದರೆ ಹೊಲದ ಮಧ್ಯೆ ಕಂಬ ಕೊಟ್ಟು ನಿಲ್ಲಿಸಿದ ಒಂದು ಮುರುಕಲು ದೋಣಿ, ಮೇಲೆ ಕ್ಯಾನ್ವಾಸ್ ಹೊದಿಕೆ. ಏಳು ವರ್ಷದಿಂದ ಹಾಗೇ ಬಿದ್ದಿದೆ. ಎಷ್ಟು ಹಳೇದು ಅಂತ ಊರಿನವರಿಗೇ ಸರಿಯಾಗಿ ಗೊತ್ತಿಲ್ಲ. ಅದರ ಹೆಸರು ‘ಸ್ಪ್ರೇ’.

ಬೆಲೆ ಎಷ್ಟು? ಸೊನ್ನೆ. ಪುಕ್ಕಟೆ.

3
ಪುಕ್ಕಟೆ ಸಿಕ್ಕಿದ್ದಕ್ಕೆ ಎಷ್ಟು ಖರ್ಚಾಯ್ತು ಅನ್ನೋದು ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ, ಯಾಕಂದ್ರೆ ಸ್ಲೋಕಮ್ ಲೆಕ್ಕ ಬರೆದಿಟ್ಟಿದ್ದಾನೆ. ಸಾಮಾನಿಗೆ 553 ಡಾಲರ್ 62 ಸೆಂಟ್. ಜೊತೆಗೆ 13 ತಿಂಗಳ ಸ್ವಂತ ದುಡಿಮೆ. ನಡುನಡುವೆ ಬಂದರಿನಲ್ಲಿ ಚಿಲ್ಲರೆ ಕೆಲಸ ಮಾಡಿ ಆ ದುಡ್ಡನ್ನ ಹೊಂದಿಸಿದ.

ರಿಪೇರಿ ಅಂದರೆ ಬಣ್ಣ ಹೊಡೆಯೋದು ಅನ್ಕೋಬೇಡಿ. ಹತ್ತಿರದ ಓಕ್ ಮರ ಕಡಿದು ಹೊಸ ಕೀಲ್ ಮಾಡಿದ. ಕೀಲ್ ಅಂದರೆ ದೋಣಿಯ ಅಡಿಯಲ್ಲಿ ಬೆನ್ನೆಲುಬಿನ ಹಾಗೆ ಉದ್ದಕ್ಕೆ ಹೋಗೋ ದಿಮ್ಮಿ. ಪಕ್ಕೆಲುಬಿನಂಥ ಮರಗಳನ್ನ ಹಬೆಯಲ್ಲಿ ಬೇಯಿಸಿ ಬಗ್ಗಿಸಿದ. ಒಂದೂವರೆ ಇಂಚು ದಪ್ಪದ ಜಾರ್ಜಿಯಾ ಪೈನ್ ಹಲಗೆ ಹೊಡೆದ. ಹಲಗೆ ಹಲಗೆಯ ಸಂದಿಗೆ ಹತ್ತಿ, ನಾರು ತುಂಬಿದ. ಕೊನೆಗೆ ಹಳೇ ದೋಣಿಯದು ಅಂತ ಉಳಿದದ್ದು ಹೆಸರು ಮತ್ತು ಆಕಾರ ಅಂದರೆ ಸುಳ್ಳಾಗಲ್ಲ. ಉದ್ದ 36 ಅಡಿ 9 ಇಂಚು, ಅಗಲ 14 ಅಡಿ 2 ಇಂಚು. ದೋಣಿಗೆ ಇದು ದಪ್ಪ ಮೈಕಟ್ಟು. ಊರಿನ ಹಳೇ ನಾವಿಕರು ದಿನಾ ಬಂದು ನೋಡ್ತಾ, ಇದರಿಂದ ನಿನಗೆ ಏನಾದ್ರೂ ಗಿಟ್ಟುತ್ತಾ ಅಂತ ಕೇಳ್ತಿದ್ದರು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಆ ಸಾಲಿಗೆ ಹಳೇ ದೋಣಿ ರಿಪೇರಿ ಮಾಡಿ ನೋಡು ಅಂತಲೂ ಸೇರಿಸಬಹುದು.

1895ರ ಏಪ್ರಿಲ್ 24ರಂದು ಬೋಸ್ಟನ್‌ನಿಂದ ಹೊರಟ. ಒಬ್ಬನೇ. ಅವನ ಹತ್ರ ಇದ್ದ ಒಳ್ಳೇ ಗಡಿಯಾರದ ರಿಪೇರಿಗೆ 15 ಡಾಲರ್ ಕೇಳಿದ್ದರಿಂದ ಅದನ್ನ ಬಿಟ್ಟು, ದಾರಿಯಲ್ಲಿ ಗಾಜು ಒಡೆದ ತಗಡಿನ ಗಡಿಯಾರ ಒಂದನ್ನ ಒಂದು ಡಾಲರಿಗೆ ಚೌಕಾಶಿ ಮಾಡಿ ತಗೊಂಡ. ಅದರ ಜೊತೆ ಪ್ರಪಂಚ ಸುತ್ತಿದ. ಸ್ಪ್ರೇ ಎಷ್ಟು ಹದವಾಗಿ ಸಾಗ್ತಿತ್ತು ಅಂದರೆ, ಆಸ್ಟ್ರೇಲಿಯಾದ ಉತ್ತರದ ಥರ್ಸ್‌ಡೇ ದ್ವೀಪದಿಂದ ಕೀಲಿಂಗ್ ಕೋಕಸ್ ದ್ವೀಪದವರೆಗೆ 23 ದಿನ, 2,700 ಮೈಲಿ, ಚುಕ್ಕಾಣಿ ಹಿಡಿದದ್ದು ಹೆಚ್ಚು ಕಮ್ಮಿ ಮೂರೇ ಗಂಟೆ. 1898ರ ಜೂನ್ 27ರಂದು ನ್ಯೂಪೋರ್ಟ್‌ಗೆ ವಾಪಸ್. ಒಟ್ಟು 46,000 ಮೈಲಿ. ಒಬ್ಬನೇ ಪ್ರಪಂಚ ಸುತ್ತಿದ ಮೊದಲ ಮನುಷ್ಯ, ಅದೂ ಹೊಲದಲ್ಲಿ ಬಿದ್ದಿದ್ದ ದೋಣಿಯಲ್ಲಿ.

4
ಎಲ್ಲರೂ ಸ್ಲೋಕಮ್ ಕಥೆಯನ್ನ ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ಹೊಡೀತಾರೆ. ಒಂದು ಪುಟ ಹಿಂದಕ್ಕೆ ಹೋಗೋಣ.

ಸ್ಪ್ರೇಗೂ ಮೊದಲು, 1887ರ ಕೊನೆಯಲ್ಲಿ ಬ್ರೆಜಿಲ್ ತೀರದಲ್ಲಿ ಅವನ ‘ಅಕ್ವಿಡ್ನೆಕ್’ ಹಡಗು ಮರಳಿಗೆ ಸಿಕ್ಕಿ ಒಡೆದುಹೋಯ್ತು. ಜೊತೆಗೆ ಎರಡನೇ ಹೆಂಡತಿ ಹೆಟ್ಟಿ, ಮೊದಲ ಹೆಂಡತಿಯ ಮಕ್ಕಳಾದ ವಿಕ್ಟರ್ ಮತ್ತು ಪುಟ್ಟ ಗಾರ್ಫೀಲ್ಡ್. ಕೈಯಲ್ಲಿ ಕಾಸಿಲ್ಲ. ಒಡೆದ ಹಡಗಿನಿಂದ ಉಳಿದ ಸಾಮಾನು, ಕಾಡಿನ ಮರ ಸೇರಿಸಿ 35 ಅಡಿಯ ದೋಣಿ ಕಟ್ಟಿದರು. ಹಾಯಿ ಹೊಲಿದದ್ದು ಹೆಟ್ಟಿ. ದೋಣಿ ನೀರಿಗಿಳಿದದ್ದು 1888ರ ಮೇ 13ರಂದು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದದ್ದು ಅದೇ ದಿನ. ಅದಕ್ಕೇ ಹೆಸರು ‘ಲಿಬರ್ದಾದೆ’, ಅಂದರೆ ಸ್ವಾತಂತ್ರ್ಯ. ನಾಲ್ಕು ಜನ ಅದರಲ್ಲಿ ಐದು ಸಾವಿರಕ್ಕೂ ಹೆಚ್ಚು ಮೈಲಿ ಬಂದು ಅಮೆರಿಕ ಸೇರಿದರು.

ಸ್ಲೋಕಮ್‌ಗೆ ಇದು ಹೆಮ್ಮೆಯ ಪಯಣ. ಹೆಟ್ಟಿ ಮಾತ್ರ ಆಮೇಲೆ ಅವನ ಜೊತೆ ದೂರದ ಸಮುದ್ರಕ್ಕೆ ಮತ್ತೆ ಕಾಲಿಡಲೇ ಇಲ್ಲ. ಸ್ಪ್ರೇಯಲ್ಲಿ ಅವನು ಒಬ್ಬನೇ ಹೋದದ್ದರ ಹಿಂದೆ ಇದೂ ಒಂದು ಕಾರಣ ಅಂತ ನಾನು ಓದಿಕೊಳ್ತೀನಿ.

ಹಳೇ ದೋಣಿ ಆರಿಸೋರಲ್ಲಿ ಎರಡು ಜಾತಿ ಇದೆ. ಒಬ್ಬನೇ ಹೋಗೋನು ಗಾಳಿ, ಹಾಯಿ, ಹಲಗೆ ನೋಡ್ತಾನೆ. ಸಂಸಾರ ಕಟ್ಕೊಂಡು ಹೋಗೋರು ಅದರ ಜೊತೆ ಮಗು ಎಲ್ಲಿ ಮಲಗುತ್ತೆ, ಅಲೆ ಎದ್ದಾಗ ಬಿಸಿ ನೀರಿನ ಪಾತ್ರೆ ಎಲ್ಲಿ ನಿಲ್ಲುತ್ತೆ, ಡೆಕ್ ಸುತ್ತ ಬೇಲಿ ಇದೆಯಾ ಅಂತಲೂ ನೋಡಬೇಕು. ಸ್ಪ್ರೇಯ ಭಾರವೆಲ್ಲ ಒಳಗೆ ಸಿಮೆಂಟಿನಲ್ಲಿ ಕಟ್ಟಿದ್ದು. ಕೀಲ್ ಕೆಳಗೆ ಸೀಸ, ಕಬ್ಬಿಣ ಏನೂ ಇರಲಿಲ್ಲ. ಪೂರ್ತಿ ಮಗುಚಿದರೆ ಅಂಥ ಅಗಲದ ದೋಣಿ ತಾನಾಗಿ ಮತ್ತೆ ಏಳೋದು ಕಷ್ಟ ಅಂತ ಮುಂದೆ ದೋಣಿ ವಿನ್ಯಾಸಕಾರರು ಎಚ್ಚರಿಸಿದರು. 1909ರಲ್ಲಿ, 65ರ ವಯಸ್ಸಿನಲ್ಲಿ, ಸ್ಲೋಕಮ್ ಅದೇ ಸ್ಪ್ರೇಯಲ್ಲಿ ದಕ್ಷಿಣ ಅಮೆರಿಕದ ಕಡೆ ಹೊರಟ. ಮನುಷ್ಯನೂ ಸಿಗಲಿಲ್ಲ, ದೋಣಿಯೂ ಸಿಗಲಿಲ್ಲ.

5
ಈಗ ಅರವತ್ತು ವರ್ಷ ಮುಂದಕ್ಕೆ.

ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರ್, ಲೀಕ್ ಊರಿನ ಹತ್ತಿರ ಒಂದು ಹೈನುಗಾರಿಕೆಯ ಜಮೀನು. ಯಜಮಾನ ಡೂಗಲ್ ರಾಬರ್ಟ್‌ಸನ್, ಸ್ಕಾಟ್ಲೆಂಡಿನವನು, ಮೊದಲು ವ್ಯಾಪಾರಿ ಹಡಗಿನಲ್ಲಿ ಅಧಿಕಾರಿಯಾಗಿದ್ದವನು. ಹೆಂಡತಿ ಲಿನ್, ನರ್ಸ್. ಮಕ್ಕಳು ಆನ್, ಡಗ್ಲಸ್, ಅವಳಿಗಳಾದ ನೀಲ್ ಮತ್ತು ಸ್ಯಾಂಡಿ. ಹಾಲು, ಹಸು, ಸಾಲ, ಕೆಸರು. ನಮ್ಮ ಕಡೆ ಹಾಲಿನ ಡೈರಿಗೆ ಕ್ಯಾನ್ ಹೊರೋ ಮನೆಯವರಿಗೆ ಈ ಬದುಕು ಹೊಸದೇನಲ್ಲ.

1968ರಲ್ಲಿ ಬ್ರಿಟನ್ನಿನಲ್ಲಿ ಒಂಟಿ ನಾವಿಕರ ಪ್ರಪಂಚ ಸುತ್ತೋ ಸ್ಪರ್ಧೆಯ ಸುದ್ದಿಯೇ ಸುದ್ದಿ. ಅದನ್ನ ಕೇಳ್ತಿದ್ದ ಚಿಕ್ಕ ನೀಲ್, ಅಪ್ಪನೂ ನಾವಿಕನೇ ಅಲ್ವಾ, ನಾವ್ಯಾಕೆ ಹೋಗಬಾರದು ಅಂದನಂತೆ. ಬೇರೆ ಮನೆಯಲ್ಲಾದ್ರೆ ಸುಮ್ಮನೆ ಊಟ ಮಾಡು ಅಂತ ಗದರಿಸಿ ಮುಗಿಸ್ತಿದ್ದರು. ಇವರು ಜಮೀನು ಮಾರಿದರು.

ಆ ದುಡ್ಡಿಗೆ ಬಂದದ್ದು ‘ಲುಸೆಟ್’. 43 ಅಡಿ, ಎರಡು ಕೂವೆಕಂಬದ ಸ್ಕೂನರ್, ಕಟ್ಟಿದ್ದು 1922ರಲ್ಲಿ. ಅಂದರೆ ಇವರು ಹೊರಡೋ ಹೊತ್ತಿಗೆ ದೋಣಿಗೆ ಹತ್ತಿರ ಹತ್ತಿರ ಐವತ್ತು ವರ್ಷ, ಯಜಮಾನನಷ್ಟೇ ವಯಸ್ಸು. ಪೂರ್ತಿ ಮರ. ಇಡೀ ಸಂಸಾರ ಹಿಡಿಸೋ ದೊಡ್ಡ ದೋಣಿ, ಕೈಗೆಟುಕೋ ಬೆಲೆಯಲ್ಲಿ ಬೇಕು ಅಂದರೆ ಆ ಕಾಲದಲ್ಲಿ ಹಳೇ ಮರದ ದೋಣಿಯೇ ಗತಿ. ಇದನ್ನ ನೆನಪಿಟ್ಕೊಳ್ಳಿ, ಎಂಟನೇ ಭಾಗದಲ್ಲಿ ಬೇಕಾಗುತ್ತೆ.

1971ರ ಜನವರಿ 27, ಫಾಲ್ಮತ್ ಬಂದರು. ಚಳಿಗಾಲದ ಮಧ್ಯೆ ಹೊರಟರು. ಅಟ್ಲಾಂಟಿಕ್ ದಾಟಿದರು, ಕೆರಿಬಿಯನ್ ಸುತ್ತಿದರು. ಬಹಾಮಾಸ್‌ನಲ್ಲಿ ದೊಡ್ಡ ಮಗಳು ಆನ್ ಇಳಿದುಬಿಟ್ಟಳು. ಪನಾಮಾ ಕಾಲುವೆಯ ದಾರಿಗೆ ರಾಬಿನ್ ವಿಲಿಯಮ್ಸ್ ಅನ್ನೋ ಯುವಕ ಸೇರಿಕೊಂಡ. ಅವನಿಗೆ ಹಾಯಿದೋಣಿಯ ಅನುಭವವೇ ಇರಲಿಲ್ಲ.

6
1972ರ ಜೂನ್ 15. ಗ್ಯಾಲಪಗೋಸ್ ದ್ವೀಪಗಳಿಂದ ಪಶ್ಚಿಮಕ್ಕೆ ಸುಮಾರು 200 ಮೈಲಿ. ಬೆಳಗಿನ ಹೊತ್ತು. ಅಡಿಯಿಂದ ಏಟು ಬಿತ್ತು. ಕೊಲೆಗಾರ ತಿಮಿಂಗಿಲಗಳು, ಅಂದರೆ ಓರ್ಕಾಗಳು. ಹಲಗೆ ಒಡೆದು ನೀರು ನುಗ್ಗಿತು. ಕೆಲವೇ ನಿಮಿಷದಲ್ಲಿ ಲುಸೆಟ್ ಇಲ್ಲ.

ಆರು ಜನ. ಒಂದು ಗಾಳಿ ತುಂಬಿದ ರಾಫ್ಟ್. ಒಂದು ಪುಟ್ಟ ಗಟ್ಟಿ ದೋಣಿ, ‘ಎಡ್ನಮೇರ್’ ಅಂತ ಹೆಸರು, ಮೂರು ಮೀಟರ್ ಉದ್ದಕ್ಕಿಂತ ಹೆಚ್ಚಿಲ್ಲ. ಕೆಲವು ದಿನಕ್ಕಾಗೋಷ್ಟು ನೀರು, ಒಂದಿಷ್ಟು ತಿಂಡಿ. ಯಾರಿಗೂ ಸುದ್ದಿ ಮುಟ್ಟಿಲ್ಲ. ಯಾರೂ ಹುಡುಕ್ತಾ ಇಲ್ಲ.

ಮೊದಲ ವಾರದಲ್ಲೇ ಒಂದು ಹಡಗು ಕಾಣಿಸಿತು. ಬೆಂಕಿಯ ಸಂಕೇತ ಹಾರಿಸಿದರು. ಹಡಗು ನೋಡಲೇ ಇಲ್ಲ, ಹೋಗೇ ಹೋಯ್ತು.

ಅಲ್ಲಿಂದ ಡೂಗಲ್ ಲೆಕ್ಕ ಬದಲಾಯಿಸಿದ. ಯಾರೋ ಬಂದು ಕಾಪಾಡ್ತಾರೆ ಅಂತ ಕೂರೋದು ಬೇಡ, ನಾವೇ ದಡ ಸೇರೋಣ ಅಂತ. ಎಡ್ನಮೇರ್‌ಗೆ ತುಂಡು ಹಾಯಿ ಕಟ್ಟಿ ರಾಫ್ಟನ್ನ ಎಳೆಸಿದ. ನೇರ ದಡದ ಕಡೆ ಅಲ್ಲ, ಉತ್ತರಕ್ಕೆ, ಮಳೆ ಬೀಳೋ ಜಾಗ ಹುಡುಕಿ. ಮಳೆ ನೀರು ಹಿಡಿದರು. ಆಮೆ ಹಿಡಿದು ಅದರ ಮಾಂಸ ಒಣಗಿಸಿದರು, ರಕ್ತ ಕುಡಿದರು. ಹಾರುವ ಮೀನು ತಾವಾಗೇ ಒಳಗೆ ಬೀಳ್ತಿದ್ದವು. ರಾಫ್ಟಿನ ತಳದಲ್ಲಿ ನಿಂತ ನೀರು ಬಾಯಿಗೆ ಹಾಕೋಕೆ ಆಗದಷ್ಟು ಕೊಳಕಾಗಿದ್ದಾಗ ಲಿನ್ ನರ್ಸಿನ ಬುದ್ಧಿ ಓಡಿಸಿ, ಎನಿಮಾ ಮಾಡಿ ಆ ನೀರನ್ನ ಮೈಗೆ ಸೇರಿಸಿದಳು. ನಗಬೇಡಿ, ಅದು ಕೆಲಸ ಮಾಡ್ತು.

16 ದಿನಕ್ಕೆ ರಾಫ್ಟ್ ಕೈಕೊಟ್ಟಿತು. ಆರೂ ಜನ ಆ ಪುಟ್ಟ ಎಡ್ನಮೇರ್‌ಗೆ ಬಂದರು. ನಿಮ್ಮ ಹಾಸ್ಟೆಲ್ ರೂಮಿನ ಮಂಚ ಇದೆಯಲ್ಲ, ಅದಕ್ಕಿಂತ ಸ್ವಲ್ಪ ದೊಡ್ಡದು ಅನ್ಕೊಳ್ಳಿ. ಅಂಚು ನೀರಿನಿಂದ ಕೆಲವೇ ಇಂಚು ಮೇಲೆ. ಒಬ್ಬರು ಹೊರಳಿದರೆ ಉಳಿದ ಐವರು ತೂಕ ಸರಿಮಾಡಬೇಕು. ಹಗಲು ರಾತ್ರಿ ಹೀಗೇ.

38ನೇ ದಿನ, ಜುಲೈ 23, ಜಪಾನಿನ ಮೀನುಗಾರಿಕೆ ಹಡಗು ‘ತೋಕಾ ಮಾರು 2’ ಅವರನ್ನ ಕಂಡಿತು. ಆ ಹೊತ್ತಿಗೆ ಇವರ ಹತ್ರ ಒಣಗಿಸಿದ ಮಾಂಸ, ನೀರು ಎರಡೂ ಕೂಡಿಟ್ಟದ್ದಿತ್ತು. ರಾತ್ರಿ ಹೊತ್ತು ಹುಟ್ಟು ಹಾಕಿ ಕೋಸ್ಟರಿಕಾ ಕಡೆ ಹೋಗೋ ಯೋಜನೆಯೂ ತಯಾರಾಗಿತ್ತು. ಆರಕ್ಕೆ ಆರೂ ಜನ ಬದುಕಿದರು.

7
ಹಾಗಾದ್ರೆ ದೋಣಿ ಆರಿಸಿದ್ದರಲ್ಲೇ ಎಡವಿದರಾ?

ಐವತ್ತು ವರ್ಷದ ಮರ, ಅದಕ್ಕೇ ಒಡೀತು ಅನ್ನೋದು ಸುಲಭದ ಉತ್ತರ. ನಾನು ಅದನ್ನ ಪೂರ್ತಿ ಒಪ್ಪಲ್ಲ. 2020ರಿಂದ ಈಚೆಗೆ ಸ್ಪೇನ್, ಪೋರ್ಚುಗಲ್ ತೀರದಲ್ಲಿ ಓರ್ಕಾಗಳು ಹಾಯಿದೋಣಿಗಳ ಚುಕ್ಕಾಣಿ ಮುರಿಯೋಕೆ ಶುರು ಮಾಡಿವೆ, ರೀಲ್ಸ್‌ನಲ್ಲಿ ನೀವೂ ನೋಡಿರ್ತೀರಿ. ಕೆಲವು ದೋಣಿ ಮುಳುಗಿಯೂ ಹೋದವು. ಅವು ಮರದ ದೋಣಿಗಳಲ್ಲ, ಈ ಕಾಲದ ಫೈಬರ್ ದೋಣಿಗಳು. ಟನ್‌ಗಟ್ಟಲೆ ತೂಗೋ ಪ್ರಾಣಿ ಬಂದು ಗುದ್ದಿದರೆ ಹೊಸದು ಹಳೇದು ಅಂತ ಭೇದ ಇಲ್ಲ.

ನನ್ನ ಕಣ್ಣಿಗೆ ಬೀಳೋದು ಬೇರೆ ವಿಷಯ. ಜಮೀನು ಮಾರಿದ ದುಡ್ಡೆಲ್ಲ ಹೋದದ್ದು ಆ 43 ಅಡಿಗೆ. ಜೀವ ಉಳಿಸಿದ್ದು ಅದರ ಬೆನ್ನ ಮೇಲೆ ಕಟ್ಟಿದ್ದ ಮೂರು ಮೀಟರ್ ಎಡ್ನಮೇರ್. ದೋಣಿ ಕೊಳ್ಳೋರು ಯಾರೂ ಮೊದಲು ನೋಡದ ಸಾಮಾನು ಅದು. ಬಂದರಿನಲ್ಲಿ ದಡಕ್ಕೆ ಹೋಗಿಬರೋಕೆ, ತರಕಾರಿ ತರೋಕೆ ಅಂತ ಇಟ್ಕೊಂಡಿರ್ತಾರೆ. ಅದು ಇಲ್ಲದಿದ್ದರೆ, ರಾಫ್ಟ್ ಹೋದ 16ನೇ ದಿನಕ್ಕೆ ಕಥೆ ಮುಗೀತಿತ್ತು.

ಇವತ್ತು ಅನುಭವಸ್ಥರು ಕೈಯಲ್ಲಿರೋ ಪೂರ್ತಿ ದುಡ್ಡನ್ನ ದೋಣಿಗೇ ಸುರೀಬೇಡಿ, ಒಂದು ದೊಡ್ಡ ಪಾಲನ್ನ ರಿಪೇರಿಗೂ ರಾಫ್ಟ್, ರೇಡಿಯೋ, ಜೀವರಕ್ಷಕ ಸಾಮಾನಿಗೂ ಎತ್ತಿಡಿ ಅಂತ ಹೇಳೋದು ಇದಕ್ಕೇ. ಹೆಲ್ಮೆಟ್ ದುಡ್ಡನ್ನೂ ಸೇರಿಸಿ ದೊಡ್ಡ ಬೈಕ್ ತಗೊಳ್ಳೋರನ್ನ ನಾವು ನೋಡಿಲ್ವಾ.

ಡೂಗಲ್ ಪುಸ್ತಕ ಬರೆದ, ಆಮೇಲೆ ಸಮುದ್ರದಲ್ಲಿ ಬದುಕುಳಿಯೋದು ಹೇಗೆ ಅನ್ನೋ ಕೈಪಿಡಿಯನ್ನೂ ಬರೆದ. ಎಡ್ನಮೇರ್ ಈಗ ಫಾಲ್ಮತ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಮ್ ಕಾರ್ನ್‌ವಾಲ್‌ನಲ್ಲಿದೆ. ಅವರು ಹೊರಟ ಊರಿನಲ್ಲೇ.

8
ರಾಬರ್ಟ್‌ಸನ್ ಸಂಸಾರ ಹಳೇ ಮರದ ದೋಣಿಯನ್ನ ಹುಡುಕ್ತಿದ್ದ ಹೊತ್ತಿಗೇ ಇನ್ನೊಂದು ಕಡೆ ಆಟವೇ ಬದಲಾಗಿತ್ತು. ಆದರೆ ಆ ಬದಲಾವಣೆ ಇನ್ನೂ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿಗೆ ಪೂರ್ತಿ ಬಂದಿರಲಿಲ್ಲ.

ಮರದ ದೋಣಿ ಅಂದರೆ ಪ್ರತಿಯೊಂದೂ ಕೈಕೆಲಸ. ಕಡಿಮೆ ಬೆಲೆಯ ಜನರ ದೋಣಿ ಮಾಡೋ ಪ್ರಯತ್ನ ಇರಲಿಲ್ಲ ಅಂತಲ್ಲ. ಸ್ವೀಡನ್‌ನಲ್ಲಿ 1942ರಲ್ಲಿ ಬಂದ 25 ಅಡಿಯ ‘ಫೋಕ್‌ಬೋಟ್’ ಅಂಥದ್ದೇ, ಹೆಸರಿನ ಅರ್ಥವೇ ಜನರ ದೋಣಿ. ಸ್ಪರ್ಧೆ ಇಟ್ಟು ವಿನ್ಯಾಸ ಕರೆದರು. ಯಾವುದೂ ಪೂರ್ತಿ ಒಪ್ಪಿಗೆಯಾಗದೆ, ಬಂದವುಗಳಲ್ಲಿ ಒಳ್ಳೇ ಅಂಶಗಳನ್ನ ಸೇರಿಸಿ ಟೋರ್ಡ್ ಸುಂಡೆನ್ ಕೈಯಲ್ಲಿ ನಕ್ಷೆ ಬರೆಸಿದರು. ಒಳ್ಳೇ ದೋಣಿ. ಆದರೂ ಮರ ಮರವೇ. ಕೊಳೆಯುತ್ತೆ, ಹುಳು ಕೊರೆಯುತ್ತೆ, ವರ್ಷಾ ವರ್ಷಾ ಕೆಲಸ ಕೇಳುತ್ತೆ.

1959ರ ಜನವರಿ, ನ್ಯೂಯಾರ್ಕ್ ದೋಣಿ ಪ್ರದರ್ಶನ. ರೋಡ್ ಐಲೆಂಡ್ ಕಡೆಯ ಕ್ಲಿಂಟನ್ ಮತ್ತು ಎವರೆಟ್ ಪಿಯರ್ಸನ್ ಅನ್ನೋ ಇಬ್ಬರು ಸೋದರಸಂಬಂಧಿಗಳು ‘ಟ್ರೈಟನ್’ ತಂದಿಟ್ಟರು. 28 ಅಡಿ ಚಿಲ್ಲರೆ, ಕಾರ್ಲ್ ಆಲ್ಬರ್ಗ್ ವಿನ್ಯಾಸ, ನಾಲ್ಕು ಜನ ಮಲಗಬಹುದು. ಮೈ ಫೈಬರ್ ಗ್ಲಾಸ್. ಬೆಲೆ 9,700 ಡಾಲರ್. ಪ್ರದರ್ಶನ ಮುಗಿಯೋದ್ರೊಳಗೆ 17 ಆರ್ಡರ್. ಅದೇ ವರ್ಷ ಅವರು ಬ್ರಿಸ್ಟಲ್‌ನಲ್ಲಿದ್ದ ಹೆಸರಾಂತ ಹೆರೆಶಾಫ್ ಕಾರ್ಖಾನೆಯನ್ನೇ ಕೊಂಡರು. ಶ್ರೀಮಂತರ ರೇಸಿನ ದೋಣಿಗಳು ಹುಟ್ಟಿದ್ದ ಕೊಟ್ಟಿಗೆಯಲ್ಲಿ ಮಧ್ಯಮ ವರ್ಗದ ದೋಣಿ! ಮೊದಲ ಫೈಬರ್ ದೋಣಿ ಇದಲ್ಲ, ಆದರೆ ಸಾಮಾನ್ಯ ಸಂಸಾರ ಕೊಳ್ಳಬಹುದು ಅನ್ನೋ ನಂಬಿಕೆ ಹುಟ್ಟಿಸಿದ್ದು ಇದು.

ಗುಟ್ಟು ಅಚ್ಚಿನಲ್ಲಿದೆ. ಇಡ್ಲಿ ತಟ್ಟೆ ಥರ. ಅಚ್ಚಿಗೆ ಗಾಜಿನ ನೂಲಿನ ಬಟ್ಟೆ ಹಾಸಿ, ರಾಳ ಸುರಿದು ಒಣಗಿಸಿದರೆ ದೋಣಿಯ ಮೈ ತಯಾರು. ಮತ್ತೆ ಅದೇ ಅಚ್ಚು, ಮತ್ತೊಂದು ದೋಣಿ. ನಮ್ಮ ಮಲ್ಪೆ, ಮಂಗಳೂರಿನ ಬಂದರಿನಲ್ಲಿ ಕಾಣೋ ಫೈಬರ್ ದೋಣಿಗಳ ಹಿಂದೆ ಇರೋದೂ ಇದೇ ಕೆಲಸ.

ಹೊಸ ವಸ್ತು ಎಷ್ಟು ವರ್ಷ ಬಾಳುತ್ತೋ ಆಗ ಯಾರಿಗೂ ಗೊತ್ತಿರಲಿಲ್ಲ. ಭಯಕ್ಕೆ ಬೇಕಾದ್ದಕ್ಕಿಂತ ದಪ್ಪವಾಗಿ ಹಾಕಿದರು. ಆ ಭಯದ ಲಾಭ ಇವತ್ತು ಸೆಕೆಂಡ್ ಹ್ಯಾಂಡ್ ಕೊಳ್ಳೋರಿಗೆ ಸಿಗ್ತಾ ಇದೆ. ಅರವತ್ತು ವರ್ಷ ದಾಟಿದ ಟ್ರೈಟನ್‌ಗಳು ಇನ್ನೂ ಓಡ್ತಿವೆ.

9
ಬ್ರಿಟನ್ನಿನ ಕಥೆ ಇನ್ನೂ ಮಜಾ ಇದೆ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದ ಡೆನಿಸ್ ರೇನರ್ 1963ರಲ್ಲಿ ವೆಸ್ಟರ್ಲಿ ಕಂಪನಿ ಶುರು ಮಾಡಿದ. ಅದರಿಂದ 1969ರಲ್ಲಿ ಬಂದದ್ದು ‘ಸೆಂಟಾರ್’. 26 ಅಡಿ. 1980ರವರೆಗೆ ಎರಡು ಸಾವಿರದ ನಾನೂರಕ್ಕೂ ಹೆಚ್ಚು ತಯಾರಾದವು.

ನೋಡೋಕೆ ಸುಂದರಿ ಅಲ್ಲ. ಡಬ್ಬದ ಥರ ಎತ್ತರದ ಕ್ಯಾಬಿನ್. ಗಾಳಿಗೆ ಎದುರಾಗಿ ಹೋಗೋವಾಗ ಅಂಥ ಚುರುಕೂ ಇಲ್ಲ. ರೇಸಿನವರು ಮೂಗು ಮುರೀತಿದ್ದರು. ಆದರೆ ಒಳಗೆ ತಲೆ ಬಗ್ಗಿಸದೆ ನಿಲ್ಲಬಹುದು, ಸಂಸಾರ ಮಲಗಬಹುದು, ಅಡುಗೆ ಮಾಡಬಹುದು. ಅಡಿಯಲ್ಲಿ ಒಂದು ಆಳದ ಕೀಲ್ ಬದಲು ಎರಡು ಗಿಡ್ಡ ಕೀಲ್, ಎರಡು ಕಾಲಿದ್ದ ಹಾಗೆ.

ಎರಡು ಕಾಲು ಯಾಕೆ? ಇಂಗ್ಲೆಂಡಿನ ಎಷ್ಟೋ ಅಳಿವೆಗಳಲ್ಲಿ ಇಳಿತದ ಹೊತ್ತಿಗೆ ನೀರು ಪೂರ್ತಿ ಹೋಗಿ ಕೆಸರು ಉಳಿಯುತ್ತೆ. ಒಂದೇ ಕೀಲಿನ ದೋಣಿ ಅಲ್ಲಿ ಮಗ್ಗುಲಿಗೆ ಬೀಳುತ್ತೆ. ಸೆಂಟಾರ್ ನೆಟ್ಟಗೆ ನಿಲ್ಲುತ್ತೆ. ಸದಾ ನೀರಿರೋ ಜಾಗದಲ್ಲಿ ದೋಣಿ ಕಟ್ಟೋಕೆ ಬಾಡಿಗೆ ಜಾಸ್ತಿ, ಕೆಸರಿನ ಜಾಗಕ್ಕೆ ಕಮ್ಮಿ. ಅಂದರೆ ಆ ಎರಡು ಕೀಲು ಪ್ರತಿ ವರ್ಷ ಮಾಲೀಕನ ಜೇಬಿನ ದುಡ್ಡು ಉಳಿಸುತ್ತೆ. ದೋಣಿಯ ಆಕಾರವನ್ನ ಗಾಳಿ, ಅಲೆ ಮಾತ್ರ ಅಲ್ಲ, ತಿಂಗಳ ಸಂಬಳವೂ ತೀರ್ಮಾನಿಸುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ.

ಇವತ್ತು ಹಳೇ ಸೆಂಟಾರ್ ಕೆಲವೇ ಸಾವಿರ ಪೌಂಡಿಗೆ ಸಿಗುತ್ತೆ. ಅದೇ ಎರಡು ಕಾಲುಗಳು ದೋಣಿಯ ಮೈಗೆ ಸೇರೋ ಜಾಗವನ್ನ ಮಾತ್ರ ಮೊದಲು ನೋಡಬೇಕು. ಕೆಸರಿನ ಮೇಲೆ ದಿನಕ್ಕೆರಡು ಸಲ ಕೂತು ಎದ್ದು ಅಲ್ಲಿ ಬಿರುಕು ಬಿಟ್ಟಿರಬಹುದು.

10
ಫೈಬರ್ ಕೊಳೆಯಲ್ಲ ಅಂತ ಎಲ್ಲರೂ ಹಿಗ್ಗಿದ್ದರು. 1970ರ ದಶಕ ಮುಗಿಯೋದ್ರೊಳಗೆ ದೋಣಿಗಳ ಹೊಟ್ಟೆ ಮೇಲೆ ಗುಳ್ಳೆ ಎದ್ದವು. ಆಸ್ಮೋಸಿಸ್ ಅಂತಾರೆ. ಹೊರಪದರದ ಮೂಲಕ ನಿಧಾನಕ್ಕೆ ನೀರು ಒಳಗೆ ಇಳಿದು, ಅಲ್ಲಿ ಉಳಿದಿದ್ದ ರಾಸಾಯನಿಕದ ಜೊತೆ ಸೇರಿ ಗುಳ್ಳೆ. ಚುಚ್ಚಿದರೆ ವಿನಿಗರ್ ಥರ ಹುಳಿ ವಾಸನೆ. ಹೆಚ್ಚಿನ ದೋಣಿಗಳು ಇದರಿಂದ ಮುಳುಗಲ್ಲ, ಆದರೆ ಮಾರೋವಾಗ ಬೆಲೆ ಮುಳುಗುತ್ತೆ. ಕಮ್ಮಿ ದುಡ್ಡಿನೋರಿಗೆ ಚೌಕಾಶಿಗೆ ಒಂದು ಅಸ್ತ್ರ.

ಹೀಗೆ ಹುಟ್ಟಿದ ಭಯವೇ ದೋಣಿ ಸರ್ವೇಯರ್‌ಗಳ ಕೆಲಸವನ್ನ ಬೆಳೆಸಿತು. ನಮ್ಮ ಬೈಕ್ ಮೆಕ್ಯಾನಿಕ್‌ನ ದೊಡ್ಡಪ್ಪ ಅನ್ನಿ. ಸರ್ವೇ ಸರಿ ಬಂದರೆ ಮಾತ್ರ ಕೊಳ್ತೀನಿ ಅನ್ನೋ ಷರತ್ತಿನ ಮೇಲೆ ಮುಂಗಡ ಕೊಡ್ತಾರೆ. ದೋಣಿಯನ್ನ ಕ್ರೇನಿನಲ್ಲಿ ನೀರಿನಿಂದ ಎತ್ತಿಸ್ತಾರೆ. ಅವನು ಪುಟ್ಟ ಸುತ್ತಿಗೆ ಹಿಡಿದು ಇಂಚಿಂಚೂ ತಟ್ಟುತ್ತಾ ಹೋಗ್ತಾನೆ, ಹಲಸಿನ ಹಣ್ಣು ತಟ್ಟಿ ನೋಡೋ ಹಾಗೆ. ಟಣ್ ಅಂದರೆ ಸರಿ. ದೊಬ್ ಅಂದರೆ ಡೆಕ್ಕಿನ ಎರಡು ಪದರದ ಮಧ್ಯೆ ಇರೋ ಹಗುರ ಬಾಲ್ಸಾ ಮರ ನೀರು ಕುಡಿದು ಕೊಳೆತಿದೆ. ಕೂವೆಕಂಬ ಹಿಡಿದಿರೋ ಸ್ಟೀಲ್ ತಂತಿಗಳಿಗೆ ವಯಸ್ಸೆಷ್ಟು? ಹತ್ತರಿಂದ ಹದಿನೈದು ವರ್ಷ ದಾಟಿದ್ದರೆ ಬದಲಾಯಿಸೋದು ರೂಢಿ, ಯಾಕಂದ್ರೆ ಒಂದು ತಂತಿ ಹೋದರೆ ಕಂಬವೇ ಬೀಳಬಹುದು. ಹಾಯಿ ಜೋಲು ಬಿದ್ದಿದೆಯಾ? ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಆಗುತ್ತಾ? ಈ ಕೊನೇದು ದೊಡ್ಡ ವಿಷಯ. ಇಂಥ ಹಳೇ ದೋಣಿಗಳಲ್ಲಿ ಹೊಸ ಡೀಸೆಲ್ ಇಂಜಿನ್ ಕೂರಿಸೋ ಖರ್ಚು ಕೆಲವೊಮ್ಮೆ ದೋಣಿಯ ಬೆಲೆಯನ್ನೇ ಮೀರುತ್ತೆ. ಮಾರೋನು ನೀವು ಬರೋ ಮೊದಲೇ ಇಂಜಿನ್ ಬಿಸಿ ಮಾಡಿ ಇಟ್ಟಿದ್ದರೆ ಅನುಮಾನ ಪಡಿ. ಈ ಉಪಾಯ ಬೈಕ್ ಮಾರೋರಿಗೂ ಗೊತ್ತು.

ಹೊಳೆಯೋ ಬಣ್ಣ, ಹೊಸ ಕುಶನ್, ಚಂದದ ಪರದೆ, ಇವುಗಳಿಗೆ ಮರುಳಾಗೋರೇ ಹೆಚ್ಚು. ಹಾಗೆ ನೋಡಿದರೆ ಸ್ಪ್ರೇಗೆ ಕ್ಯಾನ್ವಾಸ್ ಹೊದಿಕೆ ಬಿಟ್ಟರೆ ಏನೂ ಇರಲಿಲ್ಲ. ಕೊಳೆತದ್ದೆಲ್ಲ ಕಣ್ಣೆದುರೇ ಇತ್ತು.

11
ಒಂದು ಅಡ್ಡ ಕಥೆ ಹೇಳಿ ಮುಂದಕ್ಕೆ ಹೋಗ್ತೀನಿ, ಯಾಕಂದ್ರೆ ಇದು ನಮ್ಮ ವಯಸ್ಸಿನವರದ್ದು. 1985, ನ್ಯೂಯಾರ್ಕ್, ಟಾನಿಯಾ ಎಬಿ, 18 ವರ್ಷ. ಕಾಲೇಜಿಗೆ ದುಡ್ಡು ಕೊಡಲಾ, ಇಲ್ಲಾ ಒಂದು ಪುಟ್ಟ ದೋಣಿ ಕೊಡಿಸಲಾ, ದೋಣಿಯಾದರೆ ಒಬ್ಬಳೇ ಪ್ರಪಂಚ ಸುತ್ತಬೇಕು ಅಂತ ಅಪ್ಪ ಷರತ್ತು ಹಾಕಿದ. ಅವಳು ದೋಣಿ ಆರಿಸಿದಳು. 26 ಅಡಿಯ ಕಾಂಟೆಸಾ. 1987ರಲ್ಲಿ ವಾಪಸ್ ಬಂದಳು. ದೋಣಿಯ ಹೆಸರು ‘ವರುಣ’. ಹೌದು, ನಮ್ಮ ವರುಣನೇ. ನಿಮ್ಮ ಮನೆಯಲ್ಲಿ ಈ ಪೋಸ್ಟ್ ತೋರಿಸಿ ಏನಂತಾರೆ ಅಂತ ಕಾಮೆಂಟ್ ಮಾಡಿ.

ಸರಿ, ಮಾರ್ಕೆಟ್ಟಿಗೆ ಬರೋಣ. 1973ರ ತೈಲ ಬಿಕ್ಕಟ್ಟಿನಿಂದ ರಾಳದ ಬೆಲೆ ಏರಿತು, ಅದು ಪೆಟ್ರೋಲಿಯಂನಿಂದ ಬರೋ ವಸ್ತು. 1975ರಲ್ಲಿ ಬ್ರಿಟನ್ ದೋಣಿಗಳನ್ನೂ ಐಷಾರಾಮಿ ಪಟ್ಟಿಗೆ ಸೇರಿಸಿ 25 ಪರ್ಸೆಂಟ್ ತೆರಿಗೆ ಹಾಕಿತು. ಅಮೆರಿಕ 1991ರಲ್ಲಿ ಒಂದು ಲಕ್ಷ ಡಾಲರ್ ಮೀರಿದ ದೋಣಿಗಳಿಗೆ, ಮೀರಿದ ಮೊತ್ತದ ಮೇಲೆ 10 ಪರ್ಸೆಂಟ್ ತೆರಿಗೆ ತಂದಿತು. ಗುರಿ ಶ್ರೀಮಂತರು. ಅವರು ಕೊಳ್ಳೋದನ್ನೇ ನಿಲ್ಲಿಸಿದರು, ಕೆಲಸ ಕಳ್ಕೊಂಡದ್ದು ಕಾರ್ಖಾನೆಯವರು. ಆಗಲೇ ಆರ್ಥಿಕ ಕುಸಿತವೂ ಇತ್ತು. ಟ್ರೈಟನ್ ಮಾಡಿದ ಪಿಯರ್ಸನ್ ಕಂಪನಿ 1991ರಲ್ಲೇ ದಿವಾಳಿ ಎದ್ದಿತು. 1993ರಲ್ಲಿ ತೆರಿಗೆ ವಾಪಸ್ ಪಡೆದರು, ಹೋದ ಕಂಪನಿಗಳು ವಾಪಸ್ ಬರಲಿಲ್ಲ.

ಕಂಪನಿಗಳು ಸತ್ತವು, ಅವು ಮಾಡಿದ ದೋಣಿಗಳು ಸಾಯಲಿಲ್ಲ. ಮರದ ದೋಣಿಯಾದರೆ ನಲವತ್ತು ಐವತ್ತು ವರ್ಷಕ್ಕೆ ಕೊಳೆತು ಮಣ್ಣಾಗ್ತಿತ್ತು. ಫೈಬರ್ ಮಣ್ಣಾಗಲ್ಲ. 60, 70, 80ರ ದಶಕದ ಸಾವಿರಾರು ದೋಣಿಗಳು ಬಂದರುಗಳ ಹಿಂದೆ ಸಾಲಾಗಿ ನಿಂತಿವೆ. ಕೊಂಡ ತಂದೆ ತಾಯಿಗೆ ವಯಸ್ಸಾಯ್ತು, ಮಕ್ಕಳಿಗೆ ಬೇಡ. ಬಾಡಿಗೆ ಮಾತ್ರ ಪ್ರತಿ ತಿಂಗಳು ಕಟ್ಟಬೇಕು. ಅದಕ್ಕೇ ಕೆಲವರು ಪುಕ್ಕಟೆ ಕೊಡ್ತಾರೆ. ಎಬೆನ್ ಪಿಯರ್ಸ್ ಕೊಟ್ಟ ಹಾಗೇ, ಸ್ವಲ್ಪ ರಿಪೇರಿ ಇದೆ ಅಂತ.

ಹಳೇ ದೋಣಿಯನ್ನ ಸಾಯಿಸೋದಕ್ಕೂ ಖರ್ಚಿದೆ. ಕತ್ತರಿಸಬೇಕು, ಇಂಜಿನ್ನಿನ ಎಣ್ಣೆ ತೆಗೀಬೇಕು, ಕೀಲಿನ ಸೀಸ, ಕಬ್ಬಿಣ ಬೇರೆ ಮಾಡಬೇಕು. ಫ್ರಾನ್ಸ್ 2019ರಿಂದ ಇದಕ್ಕೇ ಒಂದು ವ್ಯವಸ್ಥೆ ನಡೆಸ್ತಿದೆ. ಹೊಸ ದೋಣಿ ಮಾರುವವರು ಒಂದು ಪಾಲು ದುಡ್ಡು ಕಟ್ಟುತ್ತಾರೆ, ಆ ದುಡ್ಡಿನಿಂದ ಹಳೇ ದೋಣಿಗಳನ್ನ ಬಿಚ್ಚುತ್ತಾರೆ. ಮಾಲೀಕ ದೋಣಿಯನ್ನ ಆ ಅಂಗಳದವರೆಗೆ ತಂದು ಬಿಟ್ಟರೆ ಸಾಕು. ಆದರೆ ತರೋ ಲಾರಿ ಬಾಡಿಗೆ ಅವನದೇ.

ಮುಂದಿನ ಸರಣಿ: ಗುಜರಾತಿನ ಅಲಂಗ್ ತೀರದಲ್ಲಿ ಹಡಗು ಒಡೆಯೋರ ಕಥೆ. ಅಲ್ಲಿವರೆಗೆ, ಈ ನಾಲ್ಕು ದೋಣಿಗಳಲ್ಲಿ (ಸ್ಪ್ರೇ, ಲುಸೆಟ್, ಟ್ರೈಟನ್, ಸೆಂಟಾರ್) ನಿಮ್ಮ ಮನೆಯವರನ್ನ ಯಾವುದರಲ್ಲಿ ಹತ್ತಿಸ್ತೀರಿ, ಕಾರಣ ಸಮೇತ ಕೆಳಗೆ ಬರೀರಿ. ಸುಮ್ಮನೆ ಹೆಸರು ಬರೆದರೆ ಒಪ್ಪಲ್ಲ.

#ಹಾಯಿದೋಣಿ #ಸಮುದ್ರದಇತಿಹಾಸ #ಕನ್ನಡದಲ್ಲಿಇತಿಹಾಸ #ಸೆಕೆಂಡ್‌ಹ್ಯಾಂಡ್